ಸದಸ್ಯರೇ, ಮೊದಲು ಆ ಮರಳು ತೆಗೆಸಿ

ಹಾಸನದ ನಮ್ಮ ವಾರ್ಡಿನ ಮಾನ್ಯ ಸದಸ್ಯರಿಗೆ,

ನಮಸ್ಕಾರ ಸರ್. ನೀವು ಕ್ಷೇಮವಾಗಿದ್ದೀರಿ ಅಂತ ಸರ್ಕಲ್ಲಿನ ಫ್ಲೆಕ್ಸ್ ನೋಡಿದರೇ ಗೊತ್ತಾಗುತ್ತದೆ. ಅರ್ಜಿ ಕೊಟ್ಟೆ, ಫೋನ್ ಮಾಡಿದೆ, ನಿಮ್ಮ ಮನೆ ಗೇಟಿನ ಹತ್ತಿರ ಕಾದೆ. ಹಾಸನಾಂಬೆಯಾದರೂ ವರ್ಷಕ್ಕೊಮ್ಮೆ ಬಾಗಿಲು ತೆರೆದು ದರ್ಶನ ಕೊಡುತ್ತಾಳೆ, ಅಲ್ವಾ? ನಿಮ್ಮದು ಆಗಲಿಲ್ಲ. ಅದಕ್ಕೇ ಊರೆಲ್ಲ ಓದುವ ಹಾಗೆ ಬರೆಯುತ್ತಿದ್ದೇನೆ.

ಅಂಗನವಾಡಿ ಪಕ್ಕದ ಪಾರ್ಕಿನಲ್ಲಿ ಮಕ್ಕಳಿಗೆ ಆಡಲು ಹಾಕಿಸಿದ ಮರಳಿನ ಗುಂಡಿ ಇದೆಯಲ್ಲ, ಅದು ಈಗ ಬಡಾವಣೆಯ ಸಾಕುನಾಯಿಗಳ ಕಕ್ಕಸು. ಬೀದಿನಾಯಿ ಕಾಟ ಅಂತ ತಪ್ಪಿಸಿಕೊಳ್ಳಬೇಡಿ. ಬೆಳಿಗ್ಗೆ ಆರಕ್ಕೆ ಬಂದು ನೋಡಿ. ಬೆಲ್ಟು ಹಾಕಿದ, ಶಾಂಪೂ ವಾಸನೆಯ ನಾಯಿಗಳೇ ಬರುತ್ತವೆ. ಯಜಮಾನರು ಮೊಬೈಲ್ ನೋಡುತ್ತಾ ನಿಂತಿರುತ್ತಾರೆ. ರಾತ್ರಿ ಬೆಕ್ಕುಗಳ ಪಾಳಿ.

ನನ್ನ ಮಗನಿಗೆ ಮೂರು ವರ್ಷ. ಸಿಕ್ಕಿದ್ದೆಲ್ಲ ಬಾಯಿಗೆ ಹಾಕುತ್ತಾನೆ. ಹೋದ ಮಳೆಗಾಲ ಪೂರ್ತಿ ಕೆಮ್ಮಿದ. ರಾತ್ರಿ ಉಬ್ಬಸ, ಬಿಟ್ಟು ಬಿಟ್ಟು ಜ್ವರ, ಹೊಟ್ಟೆನೋವು. ಚಳಿ ಅಂದರು, ಧೂಳು ಅಂದರು. ನಮ್ಮತ್ತೆ ದೃಷ್ಟಿ ತೆಗೆದರು. ಸಿರಪ್ ಮೇಲೆ ಸಿರಪ್ ಕುಡಿಸಿದೆವು. ಮಲ ಪರೀಕ್ಷೆಯಲ್ಲಿ ಏನೂ ಸಿಗಲಿಲ್ಲ. ಕೊನೆಗೆ ರಕ್ತದಲ್ಲಿ ಇಯೊಸಿನೊಫಿಲ್ (ಹುಳುಬಾಧೆಯಲ್ಲಿ ಹೆಚ್ಚುವ ಒಂದು ಬಗೆಯ ಬಿಳಿ ರಕ್ತಕಣ) ಸಿಕ್ಕಾಪಟ್ಟೆ ಜಾಸ್ತಿ ಅಂತ ಬಂತು. ಡಾಕ್ಟರು ತಕ್ಷಣ ಕೇಳಿದ್ದು, "ಮಗು ಮಣ್ಣು ತಿನ್ನುತ್ತಾ? ಅಲ್ಲಿ ನಾಯಿ ಓಡಾಡುತ್ತಾ?"

ಮಗನಿಗೆ ಹತ್ತಿದ್ದ ಹುಳುವಿನ ಹೆಸರು ಟಾಕ್ಸೊಕಾರ. ನಾಯಿ, ಬೆಕ್ಕಿನ ಕರುಳಿನಲ್ಲಿರುವ ದುಂಡುಹುಳು. ಅದರ ಮೊಟ್ಟೆ ಮಗುವಿನ ಬಾಯಿಗೆ ಹೋದರೆ ಮರಿಹುಳು ಹೊರಬಂದು ಕರುಳು ಕೊರೆದು ಲಿವರ್, ಶ್ವಾಸಕೋಶಕ್ಕೆ ನುಗ್ಗುತ್ತದೆ. ಮನುಷ್ಯರಲ್ಲಿ ಅದು ಬೆಳೆದು ದೊಡ್ಡದಾಗುವುದಿಲ್ಲ, ಮೊಟ್ಟೆಯನ್ನೂ ಇಡುವುದಿಲ್ಲ, ಹಾಗಾಗಿ ಮಲ ಪರೀಕ್ಷೆಗೆ ಸಿಗುವುದೂ ಇಲ್ಲ. ಕಣ್ಣಿಗೆ ಹೋದರೆ ದೃಷ್ಟಿಯೇ ಹೋಗಬಹುದು. ಕಣ್ಣಿಗೆ ಡ್ರಾಪ್ಸ್ ಹಾಕಿಸಿಕೊಂಡು ಅಳುವ ಮಗುವನ್ನು ಮಡಿಲಲ್ಲಿ ಹಿಡಿದು ಆಸ್ಪತ್ರೆ ಬೆಂಚಿನ ಮೇಲೆ ಕೂತಿದ್ದೆ. ಕಣ್ಣಿಗೆ ಏನೂ ಆಗಿಲ್ಲ ಅಂತ ಡಾಕ್ಟರು ಹೇಳುವವರೆಗೆ ನನ್ನ ಪಾಡು ನನಗೇ ಗೊತ್ತು.

ಈಗ ಉದ್ಘಾಟನೆಯ ದಿನ ನೆನಪು ಮಾಡಿಕೊಳ್ಳಿ. ರಿಬ್ಬನ್ ಕತ್ತರಿಸಿದಿರಿ, ಲಡ್ಡು ಹಂಚಿದಿರಿ. ಅಷ್ಟರಲ್ಲಿ ನಿಮ್ಮ ಲ್ಯಾಬ್ರಡಾರ್ ಕಾರಿನಿಂದ ಇಳಿದು ನೇರ ಹೊಸ ಮರಳಿಗೆ ಹೋಗಿ ಕಕ್ಕಸಿಗೆ ಕೂತಿತು. ಮಕ್ಕಳೆಲ್ಲ ನೋಡುತ್ತಿದ್ದರು. ನಾನು ಹೇಳಿದ್ದಕ್ಕೆ ನೀವು ನಕ್ಕು, "ಅದೇನ್ ಮಹಾ ಮೇಡಂ, ಮೇಲೆ ಮರಳು ಎಳೆದ್ರೆ ಆಯ್ತು" ಅಂದಿರಿ. ನಿಮ್ಮ ಹುಡುಗರು ಎಳೆದರು. ಸರ್, ಹಸಿ ಗಲೀಜಿನಲ್ಲಿರುವ ಮೊಟ್ಟೆಯಿಂದ ಆವತ್ತೇ ಏನೂ ಆಗುವುದಿಲ್ಲ. ಮಣ್ಣಿನಲ್ಲಿ 2ರಿಂದ 4 ವಾರ ಇದ್ದ ಮೇಲೇ ಅದು ರೋಗ ತರುವಷ್ಟು ಬಲಿಯುವುದು. ಬಲಿತರೆ ವರ್ಷಗಟ್ಟಲೆ ಸಾಯುವುದಿಲ್ಲ. ಅಂದೇ ಎತ್ತಿ ಬಿಸಾಡಿದ್ದರೆ ಮುಗಿದುಹೋಗುತ್ತಿತ್ತು. ನೀವು ಮುಚ್ಚಿಸಿದಿರಿ.

ಅದಕ್ಕೇ ಕೇಳುತ್ತಿರುವುದು, ಮರಳು ತೆಗೆಸಿ. ಹೊಸದು ಹಾಕಿಸಿ, ರಾತ್ರಿ ಮುಚ್ಚಲು ಒಂದು ಟಾರ್ಪಾಲು ಕೊಡಿ.

ಫೆಬ್ರುವರಿ 10 ಮತ್ತು ಆಗಸ್ಟ್ 10ರ ಜಂತುಹುಳು ನಿವಾರಣಾ ದಿನ ಅಂಗನವಾಡಿಯಲ್ಲಿ ಅಲ್ಬೆಂಡಜೋಲ್ ಕೊಡುತ್ತಾರೆ. ಒಳ್ಳೆಯ ಕೆಲಸ. ನನ್ನ ಮಗನೂ ತಿಂದಿದ್ದ. ಮಾತ್ರೆ ಕೊಟ್ಟು ಅದೇ ಮರಳಿಗೆ ಬಿಟ್ಟರೆ ಏನು ಬಂತು? (ಆಮೇಲೆ ಅದೇ ಔಷಧಿಯನ್ನು ದಿನಕ್ಕೆ ಎರಡು ಹೊತ್ತು, ಐದು ದಿನ ಕುಡಿಸಬೇಕಾಯಿತು.) ಔಷಧಿ ಬೇಕಾಗಿರುವುದು ನಾಯಿಗಳಿಗೂ. ಮರಿಗಳಿಗೆ ತಾಯಿ ಹೊಟ್ಟೆಯಲ್ಲಿದ್ದಾಗಲೇ ಈ ಹುಳು ಹತ್ತುತ್ತದೆ, ಹಾಲಿನಿಂದಲೂ ಬರುತ್ತದೆ. ಎರಡು ವಾರದ ಮರಿಯಿಂದಲೇ ಔಷಧಿ ಶುರು ಮಾಡಬೇಕು, ಹದಿನೈದು ದಿನಕ್ಕೊಮ್ಮೆ. ನಮ್ಮ ಬೀದಿಯಲ್ಲಿ ರೇಬಿಸ್ ಲಸಿಕೆ ಹಾಕಿಸಿದರೆ ಹುಳುವೂ ಸತ್ತಿತು ಅಂದುಕೊಂಡವರೇ ಜಾಸ್ತಿ. ಓದಿದವರೂ ಅಷ್ಟೇ.

ಬೀದಿನಾಯಿ ಹಿಡಿದರೆ ಸಂತಾನಹರಣ, ಲಸಿಕೆ ಜೊತೆ ಜಂತುಹುಳು ಔಷಧಿಯನ್ನೂ ಕೊಟ್ಟು ಬಿಡಬೇಕು ಅಂತ ಸುಪ್ರೀಂ ಕೋರ್ಟ್ 2025ರ ಆಗಸ್ಟ್ 22ರಂದು ಹೇಳಿದ್ದು ನಿಮಗೆ ಗೊತ್ತೇ ಇದೆ. ಸಾಕಿದ ನಾಯಿಗೆ ಅಷ್ಟೂ ಬೇಡವಾ? ಹಾಸನದಲ್ಲೇ ಪಶುವೈದ್ಯಕೀಯ ಕಾಲೇಜಿದೆ. ಕೇಳಿಕೊಂಡು ಪಾರ್ಕಿನಲ್ಲೇ ಒಂದು ಶಿಬಿರ ಮಾಡಿಸಿ. ನಾಯಿ ಸಾಕಬೇಡಿ ಅನ್ನುತ್ತಿಲ್ಲ. ಆಲೂರು ಕಡೆಯ ನಮ್ಮಪ್ಪನ ಮನೆಯಲ್ಲಿ ನಾಯಿ ಇಲ್ಲದ ದಿನವೇ ಇರಲಿಲ್ಲ. ಗಲೀಜು ಎತ್ತದವರಿಗೆ ದಂಡ ಹಾಕಿಸಿ ಅಷ್ಟೇ. ಮೊದಲ ರಸೀದಿ ಯಾರ ಹೆಸರಿಗೆ ಅಂತ ನಾನು ಹೇಳುವುದಿಲ್ಲ.

ಮತ್ತೆ ಹೇಳುತ್ತೇನೆ, ಮರಳು ತೆಗೆಸಿ. ಶಿಬಿರದ ತಾರೀಖು ತಿಳಿಸಿ. ಬ್ಯಾನರಿನಲ್ಲಿ ನಿಮ್ಮ ಫೋಟೊ ಎಷ್ಟು ದೊಡ್ಡದಾಗಿ ಬೇಕಾದರೂ ಹಾಕಿಸಿಕೊಳ್ಳಿ, ನಮ್ಮ ತಕರಾರಿಲ್ಲ.

ಇಂತಿ,
ನಿಮಗೇ ಓಟು ಹಾಕಿದ,
ಪಾರ್ಕಿನ ಎದುರು ಮನೆಯವಳು