ಮದ್ದು ಸೊಪ್ಪಿಗೂ ಪರೀಕ್ಷೆ ಬೇಕು

ಮಾನ್ಯರೇ,

ನಮ್ಮ ಕೊಡಗಿನಲ್ಲಿ ಮದ್ದು ಸೊಪ್ಪೆಂಬ ಕಾಡುಗಿಡದ ಪಾಯಸ ಉಣ್ಣುವ ದಿನವಾದ ಕಕ್ಕಡ 18 (ಕೊಡವ ಪಂಚಾಂಗದ ಕಕ್ಕಡ ತಿಂಗಳ 18ನೇ ದಿನ) ಹತ್ತಿರ ಬಂತೆಂದರೆ, ಆ ಸೊಪ್ಪು ಕೊರೊನಾವನ್ನೂ ಓಡಿಸುತ್ತದೆ ಎಂಬ ಮಾತು ಶುರುವಾಗುತ್ತದೆ. ಆ ನೇರಳೆ ಪಾಯಸ ನನಗೂ ಇಷ್ಟ, ಮೂತ್ರ ಕೆಂಪಾದರೂ ಸರಿ! ಆದರೆ ಗಿಡದ ಅಂಶವೊಂದು ವೈರಸ್ ವೃದ್ಧಿಯಾಗಲು ಬೇಕಾದ ಪ್ರೋಟಿಯೇಸ್ ಕಿಣ್ವಕ್ಕೆ ಅಂಟುತ್ತದೆಂದು ಕಂಪ್ಯೂಟರ್ ಲೆಕ್ಕಾಚಾರ ತೋರಿಸಿದರೆ ಅದು ಆರಂಭವಷ್ಟೇ. ವೈರಸ್ ತಡೆಯುವ ಪ್ರಮಾಣವು ಜೀವಕೋಶಗಳನ್ನೇ ಕೊಲ್ಲುವ ಪ್ರಮಾಣಕ್ಕಿಂತ ಬಹಳ ಕಡಿಮೆ ಇರಬೇಕು. ನುಂಗಿದ್ದು ರಕ್ತ ಸೇರಿ ಶ್ವಾಸಕೋಶ ಮುಟ್ಟಬೇಕು. ಪ್ರಯೋಗಾಲಯದ ಕೋಶಗಳಲ್ಲಿ ಗೆದ್ದ ಮಲೇರಿಯಾ ಔಷಧ ಹೈಡ್ರಾಕ್ಸಿಕ್ಲೋರೋಕ್ವಿನ್, 2020ರಲ್ಲಿ ಕೊರೊನಾ ರೋಗಿಗಳ ಮೇಲೆ ನಡೆದ ಬ್ರಿಟನ್ನಿನ ‘ರಿಕವರಿ’ ಎಂಬ ಪ್ರಯೋಗದಲ್ಲಿ ಆಸ್ಪತ್ರೆ ಸೇರಿದವರ ಸಾವು ತಗ್ಗಿಸಲಿಲ್ಲ. ಪೊನ್ನಂಪೇಟೆಯ ಅರಣ್ಯ ಕಾಲೇಜು, ಮಡಿಕೇರಿಯ ವೈದ್ಯಕೀಯ ಕಾಲೇಜು ಕೈಜೋಡಿಸಿ ನಮ್ಮ ಕಾಡಿನ ಗಿಡಗಳನ್ನು ಇಂಥ ಪರೀಕ್ಷೆಗೆ ಒಡ್ಡಲಿ. ಅಲ್ಲಿಯವರೆಗೆ ಯಾರೂ ಸೊಪ್ಪಿನ ಪುಡಿಯನ್ನು ಕೊರೊನಾ ಔಷಧವೆಂದು ಮಾರದಂತೆ ಜಿಲ್ಲಾಡಳಿತ ನೋಡಿಕೊಳ್ಳಲಿ.

– ಕಾಫಿ ಬೆಳೆಗಾರ, ನಾಪೋಕ್ಲು