ಸ್ಕೆಚ್ ಪುಸ್ತಕಕ್ಕೂ ಸ್ವಲ್ಪ ಜಾಗ ಕೊಡಿ

ಮಾನ್ಯ ಸಂಪಾದಕರೇ,

ಪ್ರತಿ ವರ್ಷ ಬೆಂಗಳೂರಲ್ಲಿ ಚಿತ್ರಸಂತೆ ಆದ ಮಾರನೇ ದಿನ ನಿಮ್ಮ ಪೇಪರ್‌ನಲ್ಲಿ ಕುಮಾರಕೃಪಾ ರಸ್ತೆ ಫೋಟೋಗಳು ಬರುತ್ವೆ, ನೋಡಿ ಖುಷಿ ಆಗತ್ತೆ. ಆದ್ರೆ ಅಲ್ಲಿ ನೇತು ಹಾಕಿರೋ ಒಂದೊಂದು ಚಿತ್ರದ ಹಿಂದೆ ಸ್ಕೆಚ್ ಪುಸ್ತಕದ ಎಷ್ಟು ಹಾಳೆ ತುಂಬಿರತ್ತೆ ಅನ್ನೋದು ಯಾರ ಕಣ್ಣಿಗೂ ಬೀಳಲ್ಲ. ಅದರ ಬಗ್ಗೆ ನಾಲ್ಕು ಮಾತು ಬರೀಬೇಕು ಅನ್ನಿಸ್ತು.

ನಾನು ಮೈಸೂರಲ್ಲಿ ಭಾನುವಾರ ಬೆಳಗ್ಗೆ ಮನೇಲೇ ಮಕ್ಕಳಿಗೆ ಡ್ರಾಯಿಂಗ್ ಹೇಳ್ಕೊಡ್ತೀನಿ. ತಂದೆ ತಾಯಿ ಬಂದು ಕೇಳೋದು ಒಂದೇ, ಸಾರ್ ಈ ತಿಂಗಳು ಕ್ಯಾನ್ವಾಸ್ ಯಾವಾಗ ಮುಗಿಯತ್ತೆ, ಹಾಲ್‌ನಲ್ಲಿ ಹಾಕ್ಬೇಕು ಅಂತ. ಮಗು ಬಸ್‌ಸ್ಟಾಪಲ್ಲಿ ಕೂತು ಬರೆದ ನಾಯಿ, ಮಲಗಿರೋ ತಾತನ ಕಾಲು ಇದೆಲ್ಲ ತೋರಿಸಿದ್ರೆ "ಇದು ಸುಮ್ನೆ ಗೀಚಿರೋದಲ್ವಾ" ಅಂದುಬಿಡ್ತಾರೆ, ಮಗು ಎದುರಿಗೇ. ನಂಗೆ ಆ ಮಾತು ತುಂಬಾ ನೋವು ಕೊಡತ್ತೆ.

ನನ್ನದೇ ಅನುಭವ ಹೇಳ್ತೀನಿ. ದೇವರಾಜ ಮಾರ್ಕೆಟ್‌ನಲ್ಲಿ ಮಲ್ಲಿಗೆ ಮಾರೋ ಅಮ್ಮನ ಚಿತ್ರ ಮಾಡ್ಬೇಕು ಅಂತ ಫೋನಲ್ಲಿ ಫೋಟೋ ತೆಗೆದು, ಅದನ್ನ ನೋಡ್ಕೊಂಡು ಜಲವರ್ಣದಲ್ಲಿ ಎರಡು ಸಲ ಮಾಡಿದೆ. ಎರಡೂ ಸಲ ಕೈ ಸತ್ತ ಹಾಗೆ ಬಂತು. ಯಾಕೆ ಅಂತ ಗೊತ್ತಾಗ್ಲಿಲ್ಲ. ಆಮೇಲೆ ಒಂದು ಅಂಗೈಯಗಲದ ಪುಸ್ತಕ, ಒಂದು ಮೆತ್ತನೆ 4ಬಿ ಪೆನ್ಸಿಲ್ ಹಿಡ್ಕೊಂಡು ಮೂರು ವಾರ ಅಲ್ಲೇ ಹೋಗಿ ನಿಂತೆ. ಆಗ ಕಾಣಿಸ್ತು ನೋಡಿ, ಮೊಳ ಹಾಕುವಾಗ ಆಯಮ್ಮ ಬರೀ ಕೈ ಚಾಚಲ್ಲ, ದಾರದ ತುದೀನ ನಡುಬೆರಳಿಗೆ ಒತ್ತಿಕೊಂಡು ಸರಾನ ಮೊಣಕೈವರೆಗೆ ಎಳೆಯುವಾಗ ಆ ಕಡೆ ಭುಜ ಒಂಚೂರು ಮೇಲೇಳತ್ತೆ, ಕುತ್ತಿಗೆ ಇನ್ನೊಂದು ಕಡೆ ವಾಲತ್ತೆ, ಹೂ ಜಜ್ಜಿ ಹೋಗದ ಹಾಗೆ ಉಳಿದ ಬೆರಳುಗಳು ಬಿಡಿಬಿಡಿಯಾಗೇ ಇರುತ್ವೆ. ಫೋಟೋದಲ್ಲಿ ಎಳೆತ ನಿಂತುಹೋಗಿತ್ತು, ನಾನು ನಿಂತ ಕೈಯನ್ನೇ ಬರೆದಿದ್ದೆ. ಬಣ್ಣದ್ದೂ ಅದೇ ಕಥೆ. ಮೇಲೆ ಕಟ್ಟಿದ್ದ ನೀಲಿ ಟಾರ್ಪಾಲ್‌ನಿಂದ ಬೆಳಕು ಇಳಿದು ಮಲ್ಲಿಗೆ ಬೂದು ನೀಲಿಯಾಗಿತ್ತು, ಫೋನ್ ಕ್ಯಾಮೆರಾ ತಾನೇ ಸರಿಮಾಡಿ ಅದನ್ನ ಬೆಳ್ಳಗೆ ತೋರಿಸಿತ್ತು, ನೆರಳನ್ನೂ ತಿಳಿ ಮಾಡಿತ್ತು. ಪುಸ್ತಕದ ಅಂಚಲ್ಲಿ "ಹೂ ಬಿಳಿ ಅಲ್ಲ, ಸೆರಗಿಗಿಂತ ಒಂದೇ ಮೆಟ್ಟಿಲು ತಿಳಿ" ಅಂತ ಬರ್ಕೊಂಡಿದ್ದೆ, ಮೂರನೇ ಚಿತ್ರ ನಿಂತಿದ್ದು ಆ ಒಂದು ಸಾಲಿನ ಮೇಲೆ.

ಇದು ಹೊಸ ವಿಷಯ ಏನಲ್ಲ. ಇಂಗ್ಲೆಂಡಿನ ಚಿತ್ರಕಾರ ಟರ್ನರ್ ಊರೂರು ಸುತ್ತಿ ಪೆನ್ಸಿಲ್ ಗೆರೆ ಹಾಕ್ಕೊಂಡು, ಪಕ್ಕದಲ್ಲಿ ಟಿಪ್ಪಣಿ ಬರ್ಕೊಂಡು, ಎಷ್ಟೋ ಬಣ್ಣದ ಕೆಲಸ ಆಮೇಲೆ ಸ್ಟುಡಿಯೋದಲ್ಲಿ ಮಾಡ್ತಿದ್ದರು. 1819ರ ಇಟಲಿ ಪ್ರವಾಸ ಒಂದರಲ್ಲೇ 20ಕ್ಕೂ ಹೆಚ್ಚು ಪುಸ್ತಕ ತುಂಬಿಸಿದರು, ಅವರ ಸುಮಾರು 300 ಸ್ಕೆಚ್ ಪುಸ್ತಕಗಳು ಇವತ್ತೂ ಲಂಡನ್ನಿನ ಟೇಟ್ ಕಲಾ ಗ್ಯಾಲರಿಯಲ್ಲಿ ಜೋಪಾನವಾಗಿವೆ. ನಮ್ಮ ಉಡುಪಿ ಕಡೆಯ ಕಟ್ಟಿಂಗೇರಿಯ ಚಿತ್ರಕಲಾವಿದ ಕೆ.ಕೆ. ಹೆಬ್ಬಾರರನ್ನೇ ತಗೊಳ್ಳಿ, ಕುಣಿತದ ಲಯ ತಿಳೀಲಿ ಅಂತ ಕಥಕ್ ಕಲಿತವರು ಅವರು, ನಾಲ್ಕೇ ಗೆರೇಲಿ ಕುಣಿಯೋ ಮೈ ಎದ್ದು ಬರತ್ತೆ. ಅಂಥ ಗೆರೆ ಒಂದಿನದಲ್ಲಿ ಕೈಗೆ ಹತ್ತುತ್ತಾ?

ನಾನು ಮಕ್ಕಳಿಗೆ ರಬ್ಬರ್ ಕೊಡಲ್ಲ. ತಪ್ಪು ಗೆರೆ ಅಲ್ಲೇ ಇರ್ಲಿ, ಪಕ್ಕದಲ್ಲಿ ಸರಿ ಗೆರೆ ಹಾಕು ಅಂತೀನಿ, ಎಲ್ಲಿ ತಪ್ಪಿತು ಅಂತ ಮುಂದಿನ ವಾರ ನೋಡೋಕೆ ಅದು ಬೇಕು. ದೊಡ್ಡ ಹಾಳೆಗೆ ಕೈ ಹಾಕೋ ಮುಂಚೆ ಬೆಂಕಿಪೊಟ್ಟಣದಷ್ಟು ಚೌಕ ನಾಲ್ಕೈದು ಹಾಕಿ, ಕಣ್ಣು ಕಿರಿದು ಮಾಡ್ಕೊಂಡು ಕಪ್ಪು, ನಡು, ತಿಳಿ ಅಂತ ಮೂರೇ ಛಾಯೇಲಿ ತುಂಬಿಸ್ಬೇಕು. ಚೌಕದಲ್ಲಿ ನಿಲ್ಲದ ಚಿತ್ರ ದೊಡ್ಡದು ಮಾಡಿದ್ರೂ ನಿಲ್ಲಲ್ಲ, ದುಬಾರಿ, ದಪ್ಪನೆ 300 ಜಿಎಸ್ಎಂ ಹಾಳೆ ಹಾಳಾಗತ್ತೆ ಅಷ್ಟೇ. ಸ್ಕೆಚ್ ಪುಸ್ತಕ ದುಬಾರೀದೇ ಆಗ್ಬೇಕು ಅಂತಿಲ್ಲ, ಗೆರೆ ಇಲ್ಲದ ನೋಟ್‌ಬುಕ್ ಸಾಕು, ದುಬಾರಿ ಪುಸ್ತಕ ಕೊಟ್ರೆ ಮಕ್ಕಳು ಕೆಡಿಸೋಕೆ ಹೆದರ್ತವೆ.

ಸಂಪಾದಕರೇ, ನಿಮ್ಮಲ್ಲಿ ಒಂದು ಕೋರಿಕೆ. ಪೇಪರ್‌ಗಳ ಮಕ್ಕಳ ಪುಟದಲ್ಲಿ ಬರೋದು ಹೆಚ್ಚಾಗಿ ಮುಗಿಸಿದ, ಬಣ್ಣ ತುಂಬಿದ ಚಿತ್ರಗಳೇ. ವಾರಕ್ಕೊಂದು ಸಲ, ಸಣ್ಣ ಜಾಗ ಆದ್ರೂ ಪರವಾಗಿಲ್ಲ, ಮಕ್ಕಳು ಎದುರಿಗೇ ನೋಡಿ ಬರೆದ ಸ್ಕೆಚ್ ಒಂದನ್ನ ಹಾಕಿ. ತಪ್ಪು ಗೆರೆ ಸಮೇತ ಹಾಕಿ, ಕೆಳಗೆ ಎಲ್ಲಿ, ಯಾವಾಗ ಬರೆದಿದ್ದು ಅಂತಿರ್ಲಿ. ನಮ್ಮ ಕ್ಲಾಸಿನ ಮಕ್ಕಳ ಪುಸ್ತಕಗಳಿಂದ ಮೊದಲ ಕಂತು ಕಳಿಸೋಕೆ ನಾನು ರೆಡಿ ಇದೀನಿ.

ಇಂತಿ,
ನಿಮ್ಮ ಓದುಗ, ಮೈಸೂರು