ಫಾರ್ಮ್ಯಾಟ್ ಮಾಡಬೇಡಿ ಎಂದವರಿಗೆ

ಅಪ್ಪನ ಕಂಪ್ಯೂಟರ್ ಮತ್ತೆ ತೆರೆದುಕೊಂಡಿದೆ. ಒಂದು ಫೈಲೂ ಹೋಗಿಲ್ಲ. "ಏನಾಯ್ತು, ಸಿಕ್ತಾ?" ಅಂತ ವಿಚಾರಿಸುತ್ತಲೇ ಇದ್ದ ನಿಮಗೆಲ್ಲ ಬೇರೆ ಬೇರೆಯಾಗಿ ಉತ್ತರ ಬರೆಯುವ ಬದಲು ಇಲ್ಲೇ ಒಟ್ಟಿಗೆ ಹೇಳಿಬಿಡುತ್ತೇನೆ.

ಗೊತ್ತಿಲ್ಲದವರಿಗಾಗಿ: ಅಪ್ಪನಿಗೆ ಆಪರೇಷನ್ ಆಗಿ, ಆಮೇಲೆ ದೀರ್ಘ ವಿಶ್ರಾಂತಿ. ಸುಧಾರಿಸಿಕೊಂಡು ಮತ್ತೆ ಕಂಪ್ಯೂಟರ್ ಮುಂದೆ ಕೂತರೆ ಪಿನ್ನೂ ನೆನಪಿಲ್ಲ, ಪಾಸ್‌ವರ್ಡೂ ನೆನಪಿಲ್ಲ. ದಿನಾ ಪಿನ್ ಒತ್ತಿ ಒಳಹೋಗುವವರಿಗೆ ಪಾಸ್‌ವರ್ಡ್ ಯಾವ ಕಾಲದಲ್ಲೋ ಇಟ್ಟದ್ದು, ಮರೆಯದೆ ಇರುತ್ತದೆಯೇ? ಕ್ಯಾಪ್ಸ್ ಲಾಕ್ ನೋಡಿದ್ದಾಯಿತು, ಕೀಬೋರ್ಡಿನ ಭಾಷೆ ನೋಡಿದ್ದಾಯಿತು, ಮೊಮ್ಮಕ್ಕಳ ಹೆಸರುಗಳನ್ನೆಲ್ಲ ಹಾಕಿ ನೋಡಿದ್ದೂ ಆಯಿತು.

ಒಳಗಿದ್ದದ್ದು ಮನೆಯ ಹಳೇ ಫೋಟೋಗಳ ಸ್ಕ್ಯಾನ್, ಜೊತೆಗೆ ಒಂದೊಂದಕ್ಕೂ ಅಪ್ಪ ಟೈಪ್ ಮಾಡಿಟ್ಟ ವಿವರ. "ಎಡದಿಂದ ಮೂರನೆಯವರು ದೊಡ್ಡ ಸೋದರತ್ತೆ. ಪಕ್ಕದಲ್ಲಿ ಮುಖ ತಿರುಗಿಸಿರುವವರು ಯಾರೋ, ಫೋಟೋ ತೆಗೆದವನ ಮೇಲೆ ಸಿಟ್ಟಿರಬೇಕು" ಎನ್ನುವಂಥವು. ಫೋಟೋಗಳನ್ನು ಮತ್ತೆ ಸ್ಕ್ಯಾನ್ ಮಾಡಬಹುದು. ಆ ಸಾಲುಗಳನ್ನು ಮತ್ತೆ ಬರೆಯುವ ತ್ರಾಣ ತಮಗಿಲ್ಲ ಎಂದು ಅಪ್ಪನೇ ಹೇಳಿದ್ದರು.

ನೋಡಲು ಬಂದ ರಿಪೇರಿಯವರು ಪೆನ್‌ಡ್ರೈವ್‌ನಿಂದ ಬೂಟ್ ಮಾಡಲು, ಅಂದರೆ ಕಂಪ್ಯೂಟರ್ ಶುರು ಮಾಡಲು ಹೋಗಿ, ಅದು ಶುರುವಾಗುವ ರೀತಿಯನ್ನು ತೀರ್ಮಾನಿಸುವ ಬಯೋಸ್‌ನಲ್ಲಿ ಏನೇನೋ ಬದಲಾಯಿಸಿದರು. ಇದ್ದ ಲಾಗಿನ್ ಪರದೆಯೂ ಹೋಗಿ ನೀಲಿ ಪರದೆ ಬಂತು: ಬಿಟ್‌ಲಾಕರ್ (ಡಿಸ್ಕಿಗೆ ಬೀಗ ಹಾಕುವ ವಿಂಡೋಸ್ ವ್ಯವಸ್ಥೆ) ರಿಕವರಿ ಕೀ ಕೊಡಿ, 48 ಅಂಕಿ. ಅವರು ಕೈಚೆಲ್ಲಿದರು. "ಫಾರ್ಮ್ಯಾಟ್ ಹೊಡೆದುಬಿಡೋಣ ಮೇಡಂ, ಹೊಸದರ ಥರ ಆಗತ್ತೆ." ಫಾರ್ಮ್ಯಾಟ್ ಅಂದರೆ ಡಿಸ್ಕಿನಲ್ಲಿರುವುದನ್ನೆಲ್ಲ ಅಳಿಸಿಬಿಡುವುದು. ಅಪ್ಪ ಹೆಚ್ಚುಕಮ್ಮಿ ಹೂಂ ಅಂದಿದ್ದರು.

ಆದ್ದರಿಂದ ಮೊದಲ ಕೃತಜ್ಞತೆ ನನ್ನ ಚಿಕ್ಕಪ್ಪನ ಮಗನಿಗೆ. ವಿಷಯ ಕೇಳಿ ತಕ್ಷಣ ಫೋನ್ ಮಾಡಿ, "ಅಕ್ಕ, ಯಾರಿಗೂ ಫಾರ್ಮ್ಯಾಟ್ ಮಾಡೋಕೆ ಬಿಡಬೇಡ. ಆಫ್ ಮಾಡಿ ಇಟ್ಟುಬಿಡು. ದೊಡ್ಡಪ್ಪನ ಫೈಲುಗಳು ಎಲ್ಲೂ ಹೋಗಿಲ್ಲ, ಬೀಗ ಬಿದ್ದಿದೆ ಅಷ್ಟೆ" ಎಂದ. ಮೈಕ್ರೋಸಾಫ್ಟ್ ಅಕೌಂಟ್‌ನಲ್ಲಿ ಲಾಗಿನ್ ಆಗುವ ಈಚಿನ ಎಷ್ಟೋ ವಿಂಡೋಸ್ ಕಂಪ್ಯೂಟರುಗಳಲ್ಲಿ ಡಿಸ್ಕ್ ತಾನಾಗಿಯೇ ಎನ್‌ಕ್ರಿಪ್ಟ್ ಆಗಿರುತ್ತದಂತೆ, ಅಂದರೆ ಕೀ ಇಲ್ಲದೆ ಓದಲಾಗದ ಹಾಗೆ. ರಿಕವರಿ ಕೀ ಅದೇ ಅಕೌಂಟ್‌ನಲ್ಲಿ ಉಳಿದಿರುತ್ತದೆ. ಬೂಟ್ ಆಗುವ ರೀತಿ ಬದಲಾದರೆ ಬೀಗದ ಕಾವಲಿಗೆಂದೇ ಒಳಗಿರುವ ಟಿಪಿಎಂ ಎಂಬ ಚಿಪ್‌ಗೆ ಅನುಮಾನ ಬಂದು, ಅದು ಬೀಗ ತೆಗೆಯಲು ಒಪ್ಪುವುದಿಲ್ಲ. ಡಿಸ್ಕ್ ಬಿಚ್ಚಿ ಬೇರೆ ಕಂಪ್ಯೂಟರಿಗೆ ಹಾಕಿದರೂ ಅದೇ 48 ಅಂಕಿ ಬೇಕು. ಕಳ್ಳರ ಕೈಗೆ ಸಿಕ್ಕರೂ ಓದಲಾಗದಿರಲಿ ಎಂದೇ ಮಾಡಿರುವ ಏರ್ಪಾಡು. ಹೀಗಾಗಿ ಪಾಸ್‌ವರ್ಡ್ ತೆಗೆದುಕೊಡುತ್ತೇವೆ ಎನ್ನುವ ಸಾಫ್ಟ್‌ವೇರುಗಳು ಇಲ್ಲಿ ದಂಡ; ಆ ಕೀ ಕಳೆದುಹೋದರೆ ಮೈಕ್ರೋಸಾಫ್ಟ್‌ನವರೂ ಇನ್ನೊಂದು ಮಾಡಿಕೊಡಲಾರರು.

ಇನ್ನು ಅಮ್ಮ. ಕೀ ಸಿಗಬೇಕಾದರೆ ಅಕೌಂಟ್ ತೆರೆಯಬೇಕು, ಅಕೌಂಟಿನ ಪಾಸ್‌ವರ್ಡೇ ಮರೆತಿದೆ! ನನ್ನ ಲ್ಯಾಪ್‌ಟಾಪ್‌ನಿಂದ ಅದನ್ನು ಬದಲಾಯಿಸಲು ಹೋದರೆ, ಕೋಡ್ ಎಲ್ಲಿಗೆ ಕಳಿಸಲಿ ಎಂದು ಕೇಳಿತು. ಒಂದು ಅಪ್ಪನ ಹಳೇ ಆಫೀಸಿನ ಇಮೇಲ್, ನಿವೃತ್ತಿಯ ದಿನವೇ ಮುಚ್ಚಿದ್ದು. ಇನ್ನೊಂದು ಕೊನೆಯ ಅಂಕಿಗಳಷ್ಟೇ ಕಾಣುತ್ತಿದ್ದ ಮೊಬೈಲ್ ನಂಬರ್. ಅಮ್ಮ ಕನ್ನಡಕ ಏರಿಸಿ ನೋಡಿ, "ಇದು ನಂದೇ ಅಲ್ವಾ" ಎಂದರು. ಹಳೇ ಸಿಮ್ ಬಿಡಿ ಎಂದು ಎಷ್ಟು ಜನ ಹೇಳಿದರೂ ಬಿಡದೆ ಇಟ್ಟುಕೊಂಡಿದ್ದ ನಂಬರ್. ಆ ಹಠಕ್ಕೊಂದು ದೊಡ್ಡ ನಮಸ್ಕಾರ.

ಅದಕ್ಕೆ ಬಂದ ಕೋಡ್ ಹಾಕಿ ಪಾಸ್‌ವರ್ಡ್ ಬದಲಾಯಿಸಿ ಒಳಹೋದರೆ, ಅಕೌಂಟಿನಲ್ಲಿ ಒಂದಕ್ಕಿಂತ ಹೆಚ್ಚು ಕೀಗಳಿದ್ದವು. ನೀಲಿ ಪರದೆಯಲ್ಲಿ ಕಾಣುವ ಕೀ ಐಡಿಯ ಮೊದಲ 8 ಅಕ್ಷರಗಳನ್ನು ತಾಳೆ ನೋಡಿ ನಮ್ಮದನ್ನು ಆರಿಸಿಕೊಂಡೆವು. ಆಮೇಲೆ ಅಮ್ಮ ಆರಾರು ಅಂಕಿಯಾಗಿ ಓದುವುದು, ನಾನು ಒತ್ತುವುದು. ಒಂದು ಕಡೆ ನಾನು 7ರ ಜಾಗದಲ್ಲಿ 1 ಒತ್ತಿದರೆ ಅಲ್ಲಿಗಲ್ಲಿಗೇ ತಪ್ಪು ಎಂದಿತು. ವಿಡಿಯೋ ಕಾಲ್‌ನಲ್ಲಿ ನೋಡುತ್ತಿದ್ದ ಅದೇ ಚಿಕ್ಕಪ್ಪನ ಮಗ ಹೇಳಿದ್ದು: ಆರಂಕಿಯ ಎಂಟು ಗುಂಪುಗಳಲ್ಲಿ ಪ್ರತಿಯೊಂದೂ 11ರಿಂದ ಭಾಗವಾಗಲೇಬೇಕು, ಆಗದಿದ್ದರೆ ಆ ಗುಂಪಿನಲ್ಲೇ ಸಿಕ್ಕಿಬೀಳುತ್ತದೆ. ಗಣಿತದ ಮೇಷ್ಟರಾಗಿದ್ದ ಅಪ್ಪನಿಗೆ ಇದು ಎಷ್ಟು ಹಿಡಿಸಿತೆಂದರೆ ಪೆನ್ನು ಕಾಗದ ತಂದು ಭಾಗಿಸುತ್ತ ಕೂತರು. ಕಂಪ್ಯೂಟರ್ ಅತ್ತ ಬೂಟ್ ಆಗುತ್ತಿತ್ತು, ಅವರಿಗೆ ಅದರ ಪರಿವೆಯೇ ಇಲ್ಲ.

ಅಷ್ಟಾದರೂ ಹೊಸ ಪಾಸ್‌ವರ್ಡ್ ತೆಗೆದುಕೊಳ್ಳಲಿಲ್ಲ. ಇಲ್ಲಿ ನೆರವಾದದ್ದು ಆಫೀಸಿನ ಗೆಳತಿಯ ಒಂದೇ ಸಾಲಿನ ಮೆಸೇಜ್: "ನೆಟ್ ಕನೆಕ್ಟ್ ಮಾಡಿದೀರಾ?" ನೆಟ್ ಸಿಗುವವರೆಗೆ ಆ ಕಂಪ್ಯೂಟರಿಗೆ ಗೊತ್ತಿರುವುದು ಹಳೇ ಪಾಸ್‌ವರ್ಡ್ ಮಾತ್ರ. ಲಾಗಿನ್ ಪರದೆಯ ಮೂಲೆಯಲ್ಲೇ ವೈಫೈ ಗುರುತು ಇರುತ್ತದೆ, ಅಲ್ಲಿ ಜೋಡಿಸಿದ ಮೇಲೆ ತೆರೆಯಿತು.

ರಿಪೇರಿಯವರ ಮೇಲೆ ಸಿಟ್ಟಿಲ್ಲ, ದುಡ್ಡೂ ತೆಗೆದುಕೊಳ್ಳಲಿಲ್ಲ ಪಾಪ. ಆದರೆ ಬಯೋಸ್‌ಗೆ ಕೈ ಹಾಕುವ ಮುಂಚೆ ರಿಕವರಿ ಕೀ ಇದೆಯೇ ಎಂದು ಕೇಳಬೇಕಿತ್ತು ಅಂತ ನನಗೆ ಈಗಲೂ ಅನಿಸುತ್ತದೆ.

ಆ 48 ಅಂಕಿಗಳ ಪ್ರಿಂಟ್ ಈಗ ಅಮ್ಮನ ಬೀರುವಿನಲ್ಲಿದೆ. ಬ್ಯಾಕಪ್‌ಗೆಂದು ಹಾರ್ಡ್ ಡಿಸ್ಕ್ ಕೊಟ್ಟ ಎದುರುಮನೆಯ ಹುಡುಗನಿಗೂ ತುಂಬಾ ಥ್ಯಾಂಕ್ಸ್. ಸ್ವಲ್ಪ ತಡೆದುಕೋ ಮಾರಾಯ, ಅಪ್ಪ ಕಾಪಿ ಮಾಡುವ ಮುಂಚೆ ಒಂದೊಂದು ಫೋಟೋವನ್ನೂ ತೆರೆದು ಓದುತ್ತಿದ್ದಾರೆ.